ಬೇರ್ಪಟ್ಟ ಹಿತ್ತಲ ಮನೆಯನ್ನು ಮೂಲ ಮನೆಯೊಡನೆ ಒಂದುಗೂಡಿಸುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

ನಗರಗೆರೆ ಹೋಬಳಿಯೂ ಸೇರಿದಂತೆ ಗೌರಿಬಿದನೂರು ತಾಲ್ಲೂಕಿನ ಗ್ರಾಮಗಳಲ್ಲಿ ಅವಿಭಕ್ತ ಕುಟುಂಬದ ಮನೆಯು ಸಹೋದರರ ನಡುವೆ ಪಾಲಾದಾಗ ನಡುಮನೆಗೆ ಅಡ್ಡಗೋಡೆ ಹಾಕುವುದು ಅಥವಾ ಹಿತ್ತಲಿನ ಕೊಟ್ಟಿಗೆಯನ್ನು ವಾಸದ ಮನೆಯಾಗಿ ಮಾರ್ಪಡಿಸಿ ಒಬ್ಬರ ಪಾಲಿಗೆ ಬಿಡುವುದು ವಾಡಿಕೆಯಲ್ಲಿದೆ. ಕಾಲಾನಂತರದಲ್ಲಿ ಅದಕ್ಕೆ ಪ್ರತ್ಯೇಕ ಖಾತೆ, ಪ್ರತ್ಯೇಕ ತೆರಿಗೆ ಹಾಗೂ ಪ್ರತ್ಯೇಕ ವಿದ್ಯುತ್ ಮೀಟರ್ ಬರುತ್ತವೆ. ಮುಂದೆ ತಮ್ಮನು ಬೆಂಗಳೂರಿನಲ್ಲಿಯೋ ಹಿಂದೂಪುರದಲ್ಲಿಯೋ ನೆಲೆಸಿ, ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡಲು ಒಪ್ಪಿದಾಗ ಎರಡೂ ಮನೆಗಳನ್ನು ಮತ್ತೆ ಒಂದಾಗಿಸುವ ಪ್ರಶ್ನೆ ಉದ್ಭವಿಸುತ್ತದೆ.

ಬಹುತೇಕರು ಮೊದಲು ಗೋಡೆಯನ್ನು ಒಡೆದು, ಆನಂತರ ಕಾಗದಪತ್ರಗಳ ಬಗ್ಗೆ ಯೋಚಿಸುತ್ತಾರೆ. ಇದು ಸರಿಯಾದ ಕ್ರಮವಲ್ಲ. ಗೋಡೆ ತೆಗೆದ ಮಾತ್ರಕ್ಕೆ ದಾಖಲೆಗಳಲ್ಲಿ ಎರಡು ಮನೆಗಳು ಒಂದಾಗುವುದಿಲ್ಲ. ಮೊದಲು ಹಕ್ಕು, ನಂತರ ಖಾತೆ, ತದನಂತರ ಅನುಮತಿ, ಕೊನೆಯಲ್ಲಿ ಕಾಮಗಾರಿ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಹಕ್ಕು

ಬಿಟ್ಟುಕೊಡುವ ಸಹೋದರರು ಹಕ್ಕು ಬಿಡುಗಡೆ ಪತ್ರ ಅಥವಾ ದಾನಪತ್ರವನ್ನು ಬರೆದುಕೊಟ್ಟು ಉಪನೋಂದಣಾಧಿಕಾರಿಗಳ ಕಛೇರಿಯಲ್ಲಿ ನೋಂದಾಯಿಸತಕ್ಕದ್ದು. ಬಿಳಿ ಹಾಳೆಯಲ್ಲಿ ಬರೆದ ಒಪ್ಪಿಗೆ ಪತ್ರದಿಂದ ಸ್ಥಿರಾಸ್ತಿಯ ಹಕ್ಕು ವರ್ಗಾವಣೆಯಾಗುವುದಿಲ್ಲ. ಕುಟುಂಬದ ಸದಸ್ಯರ ನಡುವಿನ ಇಂತಹ ಪತ್ರಗಳಿಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದ್ದು, ಖರ್ಚಿಗೆ ಅಂಜಿ ನೋಂದಣಿಯನ್ನು ಮುಂದೂಡಬೇಕಾಗಿಲ್ಲ.

ಹಿಂದಿನ ವಿಭಾಗವು ಪಂಚರ ಸಮ್ಮುಖದಲ್ಲಿ ಬಾಯಿಮಾತಿನಲ್ಲಿ ಆಗಿದ್ದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹಿಂದೂ ಉತ್ತರಾಧಿಕಾರ (ತಿದ್ದುಪಡಿ) ಅಧಿನಿಯಮವು 09-09-2005ರಿಂದ ಜಾರಿಗೆ ಬಂದಿದ್ದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಆ ದಿನಾಂಕದಂದು ತಂದೆ ಜೀವಂತರಿರಬೇಕಾದ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪು ನೀಡಿದೆ. 20-12-2004ಕ್ಕೆ ಮೊದಲು ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದ ವಿಭಾಗಗಳಿಗೆ ಇದರಿಂದ ಬಾಧೆಯಿಲ್ಲ. ಉಳಿದ ಪ್ರಕರಣಗಳಲ್ಲಿ ಮದುವೆಯಾಗಿ ಹೋದ ಸಹೋದರಿಯರ ಸಹಿಯನ್ನೂ ಪತ್ರದಲ್ಲಿ ಪಡೆಯುವುದು ಅವಶ್ಯ. ಸಹೋದರರಿಬ್ಬರೇ ಸಹಿ ಮಾಡಿ ಮನೆಯನ್ನು ಒಂದುಗೂಡಿಸಿ ಲಕ್ಷಾಂತರ ರೂಪಾಯಿ ವೆಚ್ಚ ಮಾಡಿದ ನಂತರವೂ ಸಹೋದರಿಯು ತನ್ನ ಪಾಲನ್ನು ಕೇಳಬಹುದಾಗಿದೆ. ಆ ಹಕ್ಕು ಆಕೆಗೆ ಕಾನೂನು ಕೊಟ್ಟ ಹಕ್ಕೇ ಆಗಿದೆ.

2. ಖಾತೆ

ನೋಂದಾಯಿತ ಪತ್ರದ ಆಧಾರದ ಮೇಲೆ ಎರಡೂ ಸ್ವತ್ತುಗಳ ಖಾತೆ ಒಬ್ಬರ ಹೆಸರಿಗೆ ಬಂದ ನಂತರ ಅವುಗಳನ್ನು ಒಂದೇ ಆಸ್ತಿಯಾಗಿ ಒಂದುಗೂಡಿಸಲು ಗ್ರಾಮ ಪಂಚಾಯಿತಿಗೆ ಅರ್ಜಿ ಸಲ್ಲಿಸತಕ್ಕದ್ದು. ಇ-ಸ್ವತ್ತು ತಂತ್ರಾಂಶದಲ್ಲಿ ಎರಡೂ ಆಸ್ತಿಗಳ ನಮೂನೆ-9 ಮತ್ತು ನಮೂನೆ-11ರಲ್ಲಿರುವ ಅಳತೆ ಹಾಗೂ ಚಕ್ಕುಬಂದಿ ಒಂದಕ್ಕೊಂದು ತಾಳೆಯಾಗಬೇಕು. ಮೂಲ ಮನೆಯ ಪಶ್ಚಿಮಕ್ಕೆ ತಮ್ಮನ ಮನೆ ಎಂದಿದ್ದಲ್ಲಿ, ತಮ್ಮನ ಮನೆಯ ಪೂರ್ವಕ್ಕೆ ಮೂಲ ಮನೆ ಎಂದಿರಲೇಬೇಕು. ನಡುವೆ ಓಣಿ ಅಥವಾ ಸಾರ್ವಜನಿಕ ಚರಂಡಿ ಇದ್ದಲ್ಲಿ ಆ ಜಾಗವನ್ನು ಸೇರಿಸಿಕೊಳ್ಳಲು ಅವಕಾಶವಿರುವುದಿಲ್ಲ.

ಎರಡೂ ಆಸ್ತಿಗಳ ತೆರಿಗೆ ಬಾಕಿ ತೀರಿರತಕ್ಕದ್ದು. ಒಂದರ ರಸೀದಿ ತೋರಿಸಿ ಇನ್ನೊಂದರ ಬಾಕಿಯನ್ನು ಮರೆತರೆ ಲೆಕ್ಕ ಮುಗಿಯುವುದಿಲ್ಲ. ಖಾತೆಯು ತೆರಿಗೆಯ ಸಲುವಾಗಿ ಇಡುವ ದಾಖಲೆಯಾಗಿದ್ದು, ಅದೊಂದೇ ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸರ್ಕಾರದ ವಸತಿ ಯೋಜನೆಯಡಿ ಮಂಜೂರಾದ ಮನೆಯಾಗಿದ್ದಲ್ಲಿ ಹಕ್ಕುಪತ್ರದ ಷರತ್ತುಗಳನ್ನು ಮೊದಲೇ ಪರಿಶೀಲಿಸತಕ್ಕದ್ದು.

3. ಕಟ್ಟಡದ ಅನುಮತಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರ ಅನ್ವಯ ಹೊಸ ಕಟ್ಟಡಕ್ಕೆ ಮಾತ್ರವಲ್ಲದೆ, ಇರುವ ಕಟ್ಟಡದ ಮಾರ್ಪಾಡಿಗೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಅಗತ್ಯ. ನಗರಸಭೆ ವ್ಯಾಪ್ತಿಯ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮತ್ತು ಚಿಕ್ಕಬಳ್ಳಾಪುರ ಪಟ್ಟಣಗಳ ನಿವಾಸಿಗಳು ಆಯಾ ನಗರಸಭೆಗೆ ಅರ್ಜಿ ಸಲ್ಲಿಸತಕ್ಕದ್ದು.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು:
ಅ) ನೋಂದಾಯಿತ ಪತ್ರದ ಪ್ರತಿ
ಆ) ಒಂದುಗೂಡಿಸಿದ ಆಸ್ತಿಯ ನಮೂನೆ-9 ಮತ್ತು ನಮೂನೆ-11
ಇ) ತೆರಿಗೆ ಪಾವತಿ ರಸೀದಿ
ಈ) ಈಗಿರುವ ಮತ್ತು ಉದ್ದೇಶಿತ ಕಟ್ಟಡದ ನಕ್ಷೆ

ಅರ್ಜಿ ಸಲ್ಲಿಸಿದಾಗ ಸಕಾಲ ಸ್ವೀಕೃತಿಯನ್ನು ತಪ್ಪದೆ ಕೇಳಿ ಪಡೆಯಬೇಕು.

4. ಕಾಮಗಾರಿ

ಈ ಭಾಗದ ಹಳೆಯ ಮನೆಗಳಲ್ಲಿ ಮಣ್ಣಿನ ಗೋಡೆಯ ಮೇಲೆ ಕಲ್ಲು ಚಪ್ಪಡಿಗಳನ್ನು ಹಾಸಿ ಮಾಳಿಗೆ ಮಾಡಿರುವುದು ಸಾಮಾನ್ಯ. ಪಾಲಿನ ಕಾಲದಲ್ಲಿ ಹಾಕಿದ ಅಡ್ಡಗೋಡೆಯು ಕೇವಲ ಮರೆಗೋಡೆ ಎಂದು ಭಾವಿಸಲಾಗದು. ಕೊಳೆತ ತೊಲೆಗೆ ಅಥವಾ ಬಿರುಕುಬಿಟ್ಟ ಚಪ್ಪಡಿಗೆ ಅದೇ ಗೋಡೆಯು ಆಸರೆಯಾಗಿ ನಿಂತಿರಬಹುದು. ಆದ್ದರಿಂದ ಅರ್ಹ ಇಂಜಿನಿಯರರಿಂದ ತಪಾಸಣೆ ಮಾಡಿಸದೆ, ಮಾಳಿಗೆಗೆ ಊರೆಗಂಬ ಕೊಡದೆ ಗೋಡೆಯನ್ನು ಒಡೆಯಬಾರದು. ಮಳೆಗಾಲದಲ್ಲಿ ಈ ಕೆಲಸವನ್ನು ಕೈಗೊಳ್ಳದಿರುವುದು ಕ್ಷೇಮಕರ.

5. ವಿದ್ಯುತ್ ಸಂಪರ್ಕ

ಎರಡು ಮೀಟರ್‌ಗಳ ಪೈಕಿ ಒಂದನ್ನು ಬೆಸ್ಕಾಂ ಕಛೇರಿಗೆ ಹಿಂದಿರುಗಿಸುವ ಮುನ್ನ ಮನೆಯ ಒಟ್ಟು ಬಳಕೆಯನ್ನು ಲೆಕ್ಕ ಹಾಕುವುದು ಒಳಿತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಗರಿಷ್ಠ ಮಿತಿಯಾಗಿದ್ದು, ಬಳಕೆ ಅದನ್ನು ಮೀರಿದಲ್ಲಿ ಪೂರ್ತಿ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಒಬ್ಬರ ಹೆಸರಿನಲ್ಲಿ ಎರಡು ಮೀಟರ್‌ಗಳಿದ್ದರೂ ಸೌಲಭ್ಯ ದೊರೆಯುವುದು ಒಂದಕ್ಕೆ ಮಾತ್ರ.

ಸಾರ್ವಜನಿಕರ ಗಮನಕ್ಕೆ

ಅನುಮತಿಯಿಲ್ಲದೆ ಒಂದುಗೂಡಿಸಿದ ಮನೆಯಲ್ಲಿ ವಾಸಕ್ಕೆ ಕೂಡಲೇ ತೊಂದರೆ ಕಾಣದಿರಬಹುದು. ಬ್ಯಾಂಕಿನಿಂದ ಗೃಹಸಾಲ ಪಡೆಯುವಾಗ, ಮನೆ ಮಾರುವಾಗ ಅಥವಾ ಮುಂದಿನ ಪೀಳಿಗೆ ಪಾಲು ಮಾಡಿಕೊಳ್ಳುವಾಗ ಸ್ಥಳದಲ್ಲಿ ಒಂದು ಮನೆ, ದಾಖಲೆಯಲ್ಲಿ ಎರಡು ಮನೆ ಎಂಬ ವ್ಯತ್ಯಾಸ ಎದುರಾಗುತ್ತದೆ. ಪ್ರೀತಿಯಿಂದ ಬಿಟ್ಟುಕೊಟ್ಟ ಪಾಲು ಮಕ್ಕಳ ಕಾಲಕ್ಕೆ ವ್ಯಾಜ್ಯವಾಗಬಾರದೆಂಬುದೇ ಈ ಕ್ರಮಗಳ ಉದ್ದೇಶವಾಗಿದೆ. ಹೆಚ್ಚಿನ ಮಾಹಿತಿಗಾಗಿ ಆಯಾ ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.