ಥೈರಾಯ್ಡ್‌ನಲ್ಲಿ ಕೀವು ತುಂಬುವುದಿಲ್ಲವೇ?

“ನನಗೆ ಥೈರಾಯ್ಡ್ ಇದೆ” ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಇರದೆ ಏನು? ಅದು ಎಲ್ಲರ ಕತ್ತಿನಲ್ಲೂ ಇರುವ ಗ್ರಂಥಿ. ಕಾಯಿಲೆ ಎಂದರೆ ಹಾರ್ಮೋನಿನ ಏರುಪೇರು ಮಾತ್ರ, ಅಲ್ಲಿಗೆ ಸೋಂಕು ತಗಲದು ಎಂಬ ನಂಬಿಕೆಯೂ ಈ ಮಾತಿನ ಜೊತೆಗೇ ಬೆಳೆದಿದೆ.

ಅದು ಅರ್ಧ ನಿಜ. ಥೈರಾಯ್ಡ್‌ಗೆ ರಕ್ತದ ಹರಿವು ಧಾರಾಳ, ಸುತ್ತ ಗಟ್ಟಿ ಕವಚ, ಒಳಗೆ ಅಯೋಡಿನ್. ರೋಗಾಣು ನೆಲೆಯೂರುವುದು ಕಷ್ಟ. ಥೈರಾಯ್ಡ್ ಕಾಯಿಲೆಗಳಲ್ಲಿ ಕೀವಿನ ಸೋಂಕಿನ ಪಾಲು ಶೇ. 1ಕ್ಕಿಂತ ಕಡಿಮೆ. ಆದರೆ ಕೆಲವು ಮಕ್ಕಳಿಗೆ ಗಂಟಲಿನ ತಳದಿಂದ ಥೈರಾಯ್ಡ್‌ವರೆಗೆ ಹುಟ್ಟಿನಿಂದಲೇ ಒಂದು ಸಣ್ಣ ಕಳ್ಳದಾರಿ ಇರುತ್ತದೆ, ಹೆಚ್ಚಾಗಿ ಎಡಗಡೆ. ನೆಗಡಿ-ಕೆಮ್ಮು ಬಂದಾಗ ಬ್ಯಾಕ್ಟೀರಿಯಾ ಆ ದಾರಿ ಹಿಡಿಯುತ್ತವೆ. ಕೀವು ತೆಗೆದರೆ ಬಾವು ಇಳಿಯುತ್ತದೆ. ದಾರಿ ಮುಚ್ಚದಿದ್ದರೆ ಮರಳಿ ಬರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದ ದೊಡ್ಡವರಲ್ಲಿ ಶಿಲೀಂಧ್ರದ ಸೋಂಕೂ ಉಂಟು.

“ಟಿಎಸ್‌ಎಚ್ ನಾರ್ಮಲ್, ಹಾಗಾಗಿ ಥೈರಾಯ್ಡ್ ಅಲ್ಲ” ಎಂದು ಥೈರಾಯ್ಡ್ ಹಾರ್ಮೋನಿನ ರಕ್ತಪರೀಕ್ಷೆಯೊಂದನ್ನೇ ನಂಬುವುದು ಇನ್ನೊಂದು ತಪ್ಪು. ಕೀವು ತುಂಬಿದಾಗಲೂ ಅನೇಕರಲ್ಲಿ ಹಾರ್ಮೋನು ಸರಿಯಾಗಿಯೇ ಇರುತ್ತದೆ.

ನಿಜವಾದ ತೊಡಕು ಬೇರೆ. ಕತ್ತು ನೋವು, ಜ್ವರ, ಮುಟ್ಟಿದರೆ ಉರಿ: ಇವೆಲ್ಲ ವೈರಸ್ ಜ್ವರದ ನಂತರ ಬರುವ, ಸ್ವಿಸ್ ಶಸ್ತ್ರವೈದ್ಯ ಡಿ ಕ್ವೆರ್ವೇನ್ ಹೆಸರಿನ ಥೈರಾಯ್ಡ್ ಉರಿಯೂತಕ್ಕೂ ಸಲ್ಲುತ್ತವೆ. ಅದೇ ಹೆಚ್ಚು ಸಾಮಾನ್ಯ, ಅದಕ್ಕೆ ಸ್ಟೀರಾಯ್ಡ್ ಕೊಡುವುದುಂಟು. ಸೋಂಕಿದ್ದರೆ ಅದೇ ಔಷಧಿ ಮುಳುವು. ಇನ್ನೂ ಕೆಟ್ಟದ್ದೆಂದರೆ, ಕೆಲಕಾಲ ನೋವು-ಜ್ವರ ಮರೆಯಾಗಿ, ತಪ್ಪು ಊಹೆಯೇ ಸರಿ ಎನಿಸಬಹುದು.

“ಅನುಭವಿ ಡಾಕ್ಟರ್ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ” ಎಂದು ನಾವು ಹೊಗಳುತ್ತೇವೆ. ನನಗೆ ಈ ಹೊಗಳಿಕೆಯೇ ಅಪಾಯ ಎನಿಸುತ್ತದೆ. ಮೊದಲು ಹೊಳೆದದ್ದಕ್ಕೆ ಮನಸ್ಸು ಲಂಗರು ಹಾಕುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲೇ ಬರೆದರು. ವೈದ್ಯರ ಮನಸ್ಸೂ ಅದಕ್ಕೆ ಹೊರತಲ್ಲ. ಗೊರಸಿನ ಸದ್ದು ಕೇಳಿದರೆ ಕುದುರೆ ಎಂದುಕೊಳ್ಳಿ, ಜೀಬ್ರಾ ಅಲ್ಲ ಎಂದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ; ಅಂದರೆ ಅಪರೂಪದ ಕಾಯಿಲೆಗಿಂತ ಮೊದಲು ಸಾಮಾನ್ಯವಾದದ್ದನ್ನು ನೆನೆಯಿರಿ ಎಂದು. ಒಳ್ಳೆಯ ಪಾಠ, ಆದರೆ ಪಟ್ಟೆ ಕಂಡ ಮೇಲೂ ಕುದುರೆ ಎನ್ನಬಾರದು. ಅಲ್ಟ್ರಾಸೌಂಡ್ ಮಾಡಿ, ಸೂಜಿಯಿಂದ ದ್ರವ ತೆಗೆದು ಕಲ್ಚರ್‌ಗೆ ಕಳಿಸಿದರೆ ಅನುಮಾನ ಬಹುತೇಕ ಬಗೆಹರಿಯುತ್ತದೆ.

ಮಗುವಿನ ಎಡಗತ್ತಿನಲ್ಲಿ ಎರಡನೇ ಸಲ ಬಾವು ಬಂದರೆ ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ. “ಇದು ಬೇರೇನಾದರೂ ಇರಬಹುದೇ, ಗಂಟಲಿನ ಒಳದಾರಿ ಪರೀಕ್ಷಿಸಬೇಕೇ?” ಎಂದು ಕೇಳಲು ಸಂಕೋಚ ಬೇಡ.