ಗಾಳಿಯೇ ತಾನೇ ಅಂತ ಹಗುರಾಗಿ ನೋಡಬೇಡಿ

ಪಂಕ್ಚರ್ ಅಂಗಡಿಯಲ್ಲಿ ಕಾರಿನ ಟೈರಿಗೆ ಎಷ್ಟು ಗಾಳಿ ಹಾಕಲಿ ಎಂದು ಕೇಳಿದರೆ ‘ಮೂವತ್ಮೂರು’ ಅನ್ನುತ್ತೇವೆ. ಅದು ಪಿಎಸ್‌ಐ ಲೆಕ್ಕ. ಬಾರ್ ಲೆಕ್ಕದಲ್ಲಿ ಎರಡೂಕಾಲು. ಆದರೆ 10 ಮೀಟರ್ ಶೂಟಿಂಗ್ ಸ್ಪರ್ಧೆಯ ಏರ್ ರೈಫಲ್‌ನ ಪುಟ್ಟ ಸಿಲಿಂಡರ್‌ಗೆ ತುಂಬುವ ಗಾಳಿಯ ಒತ್ತಡ ಸಾಮಾನ್ಯವಾಗಿ 200 ಬಾರ್. ಟೈರಿನ ಸುಮಾರು 90 ಪಟ್ಟು! ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಎರಡು ಕ್ವಿಂಟಲ್ ಭಾರ ಹೇರಿದಂತೆ.

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ. 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ತಂದರು. 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ಸ್ ಕೋಟಾ ಗಳಿಸಿಕೊಟ್ಟರು. ನಮ್ಮ ಬೆಳಗಾವಿ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ವಿಭಾಗದ ಕಂಚು ಗೆದ್ದ ಮೇಲಂತೂ ತುಕ್ಕಾನಟ್ಟಿಯಂಥ ಊರಿನ ಹುಡುಗರೂ ಶೂಟಿಂಗ್ ಬಗ್ಗೆ ಮಾತಾಡುತ್ತಾರೆ. ಆದರೆ ಮಾತೆಲ್ಲ ಗುರಿಯ ಬಗ್ಗೆ, ರೈಫಲ್ ಬೆಲೆಯ ಬಗ್ಗೆ. ಗಾಳಿ ತುಂಬುವ ಬಗ್ಗೆ ಕೇಳುವವರು ಕಡಿಮೆ. ಮೆಕ್ಯಾನಿಕಲ್ ಓದುವವರಿಗೆ ಮೊದಲು ಕಣ್ಣಿಗೆ ಬೀಳಬೇಕಾದದ್ದು ಅದೇ.

ಗುಂಡಿಗಿಂತ ಸಿಲಿಂಡರ್ ಬಲಶಾಲಿ

ಮುಂಚೆಯೇ ಗಾಳಿ ತುಂಬಿಟ್ಟುಕೊಳ್ಳುವ ಇಂಥ ರೈಫಲ್‌ಗೆ ಪಿಸಿಪಿ ಎನ್ನುತ್ತಾರೆ. ಸಿಲಿಂಡರ್‌ನ ಗಾಳಿ ರೆಗ್ಯುಲೇಟರ್ ಮೂಲಕ ಕಡಿಮೆ ಒತ್ತಡಕ್ಕೆ ಇಳಿದು, ಪ್ರತಿ ಹೊಡೆತಕ್ಕೂ ಒಂದೇ ಪ್ರಮಾಣದಲ್ಲಿ ಹೊರಬರುತ್ತದೆ. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. ಅದರ ಶಕ್ತಿ ಏಳೂವರೆ ಜೂಲ್ ಅಷ್ಟೆ. ಈಗ 200 ಎಂ.ಎಲ್. ಸಿಲಿಂಡರ್‌ನಲ್ಲಿ 200 ಬಾರ್ ಗಾಳಿ ಇದೆ ಎಂದುಕೊಳ್ಳಿ. ಅದು ಒಮ್ಮೆಲೇ ಸಿಡಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 7 ಸಾವಿರ ಜೂಲ್. 50 ಕೆ.ಜಿ. ಸಿಮೆಂಟ್ ಚೀಲವನ್ನು ನಾಲ್ಕು ಮಹಡಿ ಎತ್ತರಕ್ಕೆ ಎತ್ತುವಷ್ಟು. ಒಂದು ಗುಂಡಿನ ಸಾವಿರ ಪಟ್ಟು ಶಕ್ತಿ ಸಿಲಿಂಡರ್‌ನಲ್ಲೇ ಕೂತಿರುತ್ತದೆ. ಹಾಗಾಗಿ ನಳಿಗೆಯ ಮುಂದೆ ನಿಲ್ಲಬಾರದು ಎನ್ನುವಷ್ಟೇ ಮುಖ್ಯ, ಗಾಳಿ ತುಂಬುವಾಗ ಸಿಲಿಂಡರ್‌ನ ನೇರಕ್ಕೆ ಮುಖ ಒಡ್ಡಬಾರದು ಎನ್ನುವುದು.

ಇದು ಬರೀ ಪುಸ್ತಕದ ಲೆಕ್ಕವಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೈಕ್ ಸರ್ವಿಸ್ ಕೇಂದ್ರವೊಂದರಲ್ಲಿ ಗಾಳಿ ಪೈಪಿನ ಹುಡುಗಾಟಕ್ಕೆ 24 ವರ್ಷದ ಯುವಕನ ಪ್ರಾಣವೇ ಹೋಯಿತು. ಸರ್ವಿಸ್ ಕೇಂದ್ರದ ಗಾಳಿಗೇ ಇಷ್ಟು ಶಕ್ತಿ ಇದ್ದರೆ, 200 ಬಾರ್ ಗಾಳಿಯ ಜೊತೆ ಆಟವಾಡಬಹುದೇ?

ಸರಿಯಾದ ಒತ್ತಡ ಎಂದರೆ ಎಷ್ಟು?

ಉತ್ತರ ಸಿಲಿಂಡರ್ ಮೇಲೆಯೇ ಇರುತ್ತದೆ. ಗರಿಷ್ಠ ಒತ್ತಡ, ತಯಾರಾದ ತಿಂಗಳು–ವರ್ಷ ಅಲ್ಲಿ ನಮೂದಾಗಿರುತ್ತದೆ. ಅದೇ ಮಾತು, ಗೆಳೆಯನ ಸಲಹೆಯಲ್ಲ. ಸ್ಪರ್ಧಾ ಸಿಲಿಂಡರ್‌ಗಳಿಗೆ ಗರಿಷ್ಠ 10 ವರ್ಷದ ಅವಧಿ. ಅವಧಿ ಮೀರದಂತೆ ನೋಡಿಕೊಳ್ಳುವುದು ಸ್ಪರ್ಧಿಯದೇ ಹೊಣೆ ಎಂದು ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್‌ನ ನಿಯಮ ಹೇಳುತ್ತದೆ. ಹಳೆಯ ರೈಫಲ್ ಕಡಿಮೆ ಬೆಲೆಗೆ ಸಿಕ್ಕಿತು ಎಂದು ಖುಷಿಪಡುವ ಮುಂಚೆ ಈ ದಿನಾಂಕ ನೋಡಿ.

ಹೆಚ್ಚು ತುಂಬಿದರೆ ಹೆಚ್ಚು ಜೋರಾಗಿ ಹೊಡೆಯುತ್ತದೆ ಎಂಬುದು ತಪ್ಪು ಕಲ್ಪನೆ. ರೆಗ್ಯುಲೇಟರ್ ಇಲ್ಲದ ರೈಫಲ್‌ನಲ್ಲಿ ಒತ್ತಡ ಮಿತಿ ಮೀರಿದರೆ, ಒಳಗಿನ ವಾಲ್ವ್ ಅನ್ನು ತೆರೆಯಲು ಹ್ಯಾಮರ್‌ಗೆ ಶಕ್ತಿ ಸಾಲದೆ ಗುಂಡಿನ ವೇಗ ಇಳಿಯುತ್ತದೆ. 10 ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಇರುವ ಆಟದಲ್ಲಿ ಹೊಡೆತಕ್ಕೊಂದು ವೇಗವಾದರೆ ಅಂಕ ಹೋದಂತೆಯೇ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಗಿನ 20 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರ್ ಅನ್ನು ಮುಚ್ಚಿದ ಕಾರಿನಲ್ಲಿಟ್ಟು, ಮಧ್ಯಾಹ್ನ ಅದು 60 ಡಿಗ್ರಿಗೆ ಕಾದರೆ ಒತ್ತಡ 227 ಬಾರ್ ಆಗುತ್ತದೆ. ಪಿಯುಸಿಯಲ್ಲಿ ಓದಿದ ಅನಿಲ ನಿಯಮವೇ ಇದು. ಬೇಸಿಗೆಯಲ್ಲಿ ಗರಿಷ್ಠ ಮಿತಿಗಿಂತ 10–20 ಬಾರ್ ಕಡಿಮೆ ತುಂಬಿ, ನೆರಳಲ್ಲಿಡುವುದು ಜಾಣತನ.

ತುಂಬುವ ಕ್ರಮ

* ರೈಫಲ್‌ನಲ್ಲಿ ಪೆಲೆಟ್ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ನಳಿಗೆ ಯಾರ ಕಡೆಗೂ ಇರಬಾರದು.
* ಸಿಲಿಂಡರ್‌ಗೆ ತಗ್ಗು, ಗೀರು, ತುಕ್ಕು ಇದೆಯೇ ನೋಡಿ. ಇದ್ದರೆ ತುಂಬಲೇಬೇಡಿ. ಜೋಡಿಸುವ ಬಾಯಿಯ ಧೂಳು ಒರೆಸಿ.
* ದೊಡ್ಡ ಸಿಲಿಂಡರ್‌ನಿಂದ ತುಂಬುವುದಾದರೆ ವಾಲ್ವ್ ಅನ್ನು ಕೂದಲೆಳೆಯಷ್ಟೇ ತೆರೆಯಿರಿ. ಅದರಲ್ಲಿ 300 ಬಾರ್ ಇರಬಹುದು, ನಿಮ್ಮದು 200ರದ್ದು. ಮೀಟರ್ ಮುಳ್ಳಿನಿಂದ ಕಣ್ಣು ಕೀಳಬೇಡಿ, ಫೋನ್ ಬಂದರೂ ಸರಿ.
* ಬೇಗ ತುಂಬಿದರೆ ಗಾಳಿ ಕಾಯುತ್ತದೆ. ಆರಿದ ಮೇಲೆ ಮುಳ್ಳು ಇಳಿಯುತ್ತದೆ. ಕೆಲವು ನಿಮಿಷ ಬಿಟ್ಟು ಕಡಿಮೆಯಾದಷ್ಟು ಮತ್ತೆ ತುಂಬಿ.
* ಕೈಪಂಪ್ ಬಳಸಿದರೆ ನಡುನಡುವೆ ಬಿಡುವು ಕೊಡಿ. ಪಂಪ್‌ನಲ್ಲಿ ಸೇರುವ ನೀರಿನ ಪಸೆಯನ್ನು ಹೊರಹಾಕಿ. ಪಸೆ ಒಳಹೋದರೆ ಸಿಲಿಂಡರ್ ತುಕ್ಕು ಹಿಡಿಯುತ್ತದೆ.
* ಮುಗಿದ ಮೇಲೆ ಮೊದಲು ವಾಲ್ವ್ ಮುಚ್ಚಿ, ಆಮೇಲೆ ಪೈಪಿನಲ್ಲಿ ಉಳಿದ ಗಾಳಿ ಬಿಡಿ, ಕೊನೆಗೆ ಕಳಚಿ. ಕೈಯಿಂದ ಬಿಚ್ಚಲು ಬರದಿದ್ದರೆ ಒಳಗೆ ಇನ್ನೂ ಒತ್ತಡ ಇದೆ ಎಂದರ್ಥ. ಪಾನಾ ಹಾಕಿ ತಿರುಗಿಸಬೇಡಿ.
* ಗಾಳಿ ಸೋರುತ್ತಿದೆ ಎನಿಸಿದರೆ ಬೆರಳಿಟ್ಟು ನೋಡಬೇಡಿ. ಈ ಒತ್ತಡದ ಗಾಳಿ ಚರ್ಮದೊಳಕ್ಕೇ ನುಗ್ಗಬಲ್ಲದು. ಸೋಪಿನ ನೀರು ಸಾಕು.

ಎರಡು ವಿಷಯ ಮರೆಯಲೇಬೇಡಿ

ಒಂದು, ಎಣ್ಣೆ. ಸಾಮಾನ್ಯ ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದ ಭಾಗಕ್ಕೆ ಒತ್ತಡದ ಗಾಳಿ ರಭಸದಿಂದ ನುಗ್ಗಿದರೆ, ಡೀಸೆಲ್ ಎಂಜಿನ್‌ನಲ್ಲಿ ಆಗುವಂತೆಯೇ ಕಿಡಿಯಿಲ್ಲದೆ ಬೆಂಕಿ ಹೊತ್ತಬಹುದು. ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ ಬಳಸಿ.

ಎರಡು, ಆಮ್ಲಜನಕ. ವೆಲ್ಡಿಂಗ್ ಅಂಗಡಿಯ ಕಪ್ಪು ಬಣ್ಣದ ಸಿಲಿಂಡರ್‌ನಲ್ಲೂ ಸುಮಾರು 150 ಬಾರ್ ಒತ್ತಡ ಇರುತ್ತದೆ, ನಮ್ಮ ಕಡೆ ಊರೂರಿಗೂ ಸಿಗುತ್ತದೆ. ‘ಅದರಿಂದಲೇ ತುಂಬಿದರಾಯಿತು’ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಶುದ್ಧ ಆಮ್ಲಜನಕದಲ್ಲಿ ರಬ್ಬರ್ ಸೀಲ್, ಗ್ರೀಸ್ ಎಲ್ಲವೂ ಉರಿಯುತ್ತವೆ, ರೈಫಲ್ ಸ್ಫೋಟಿಸಬಹುದು. ಒಣಗಿದ, ಶುದ್ಧ ಗಾಳಿ ಬಿಟ್ಟು ಬೇರೇನೂ ತುಂಬಬಾರದು.

ಕಾನೂನೂ ಗೊತ್ತಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ರೈಫಲ್‌ನ ನಳಿಗೆ 4.5 ಮಿ.ಮೀ. ಮೀರಿದರೆ ಅಥವಾ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸ್ ಬೇಕು. ಲೈಸೆನ್ಸ್ ಬೇಡದ ರೈಫಲ್ ಆದರೂ ಹೊಲದಲ್ಲಿ ನವಿಲು, ಗಿಳಿಗೆ ಗುರಿಯಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಈ ಪಾಠ ಕೆಲಸಕ್ಕೂ ಬರುತ್ತದೆ

ರೈಫಲ್ ಮುಟ್ಟದವರಿಗೆ ಇದೆಲ್ಲ ಏಕೆ ಎನ್ನಬೇಡಿ. ಸಿಎನ್‌ಜಿ ಬಂಕ್‌ನಲ್ಲಿ ವಾಹನಕ್ಕೆ ತುಂಬುವುದೂ 200 ಬಾರ್‌ನಲ್ಲೇ. ಆ ಸಿಲಿಂಡರ್‌ಗಳಿಗೆ 3 ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಕಡ್ಡಾಯ. ಇದರ ಉಸ್ತುವಾರಿ ನಾಗಪುರದಲ್ಲಿ ಪ್ರಧಾನ ಕಚೇರಿ ಹೊಂದಿರುವ ಪೆಸೊ ಸಂಸ್ಥೆಯದು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್‌ನಿಂದ ಬಯೋಗ್ಯಾಸ್ ತೆಗೆದು, ಒತ್ತಿ ಸಿಲಿಂಡರ್‌ಗೆ ತುಂಬುವುದಕ್ಕೆ ಕೇಂದ್ರ ಸರ್ಕಾರ 2018ರಿಂದ ಉತ್ತೇಜನ ಕೊಡುತ್ತಿದೆ. ಹೈಡ್ರೋಜನ್ ಕಾರಿನ ಟ್ಯಾಂಕ್‌ನಲ್ಲಂತೂ 700 ಬಾರ್! ಕಬ್ಬು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಡಿಪ್ಲೊಮಾ, ಬಿ.ಇ. ಹುಡುಗ–ಹುಡುಗಿಯರಿಗೆ ಇದು ದೂರದ ಮಾತಲ್ಲ. ಇಂಟರ್‌ವ್ಯೂನಲ್ಲಿ ಥರ್ಮೋಡೈನಾಮಿಕ್ಸ್ ಸೂತ್ರ ಹೇಳುವವರು ಬಹಳ ಜನ ಇರುತ್ತಾರೆ. ಸಿಲಿಂಡರ್ ಮೇಲಿನ ದಿನಾಂಕ ಓದಿ, ‘ಇದನ್ನು ತುಂಬಬಾರದು ಸರ್’ ಎಂದು ಧೈರ್ಯವಾಗಿ ಹೇಳುವವರು ಎಲ್ಲ ಕಡೆಯೂ ಬೇಕು.

– ಬಿ.ಇ. ವಿದ್ಯಾರ್ಥಿ, ತುಕ್ಕಾನಟ್ಟಿ