ವಾಮನಯಂತ್ರ

ಹನೂರಿನಲ್ಲಿರುವ ನಮ್ಮ ಅಕ್ಕನವರಿಗೆ ಕ್ಯಾನ್ಸರೆಂಬ ಅರ್ಬುದರೋಗವು ತಗುಲಿ, ಕಿರಣಚಿಕಿತ್ಸೆಗಾಗಿ ಅವರನ್ನು ಐದು ವಾರಗಳ ಕಾಲ ನಗರದ ಆಸ್ಪತ್ರೆಯೊಂದಕ್ಕೆ ಕರೆದೊಯ್ಯಬೇಕಾಯಿತು. ನಸುಕಿನಲ್ಲಿ ಹೊರಟು, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ಕತ್ತಲಾದ ಮೇಲೆ ಮನೆ ಸೇರುತ್ತಿದ್ದೆವು. ಒಂದು ದಿನ ಯಂತ್ರವು ಕೆಟ್ಟಿದೆಯೆಂದು ತಿಳಿದು ಬಂದ ದಾರಿಯಲ್ಲೇ ಹಿಂದಿರುಗಿದೆವು. ಆಗ ಅಕ್ಕನವರು, “ಅಂಥದೊಂದು ಯಂತ್ರ ನಮ್ಮ ಕಡೆಗೆ ಬರಬಾರದೇನಪ್ಪ?” ಎಂದರು. ಆ ಪ್ರಶ್ನೆಗೆ ಉತ್ತರವನ್ನರಸುತ್ತ ನಾನು ತಿಳಿದುಕೊಂಡುದನ್ನು ವಾಚಕರಲ್ಲಿ ಅರಿಕೆಮಾಡುತ್ತೇನೆ.

ಆ ಯಂತ್ರದ ಕಾರ್ಯವೇನು? ಎಲೆಕ್ಟ್ರಾನುಗಳೆಂಬ ವಿದ್ಯುತ್ಕಣಗಳನ್ನು ವೇಗವಾಗಿ ಓಡಿಸುವುದು. ಉಯ್ಯಾಲೆಯನ್ನು ತಕ್ಕ ಕ್ಷಣದಲ್ಲಿ ನೂಕುವಂತೆ, ತಾಮ್ರದ ಕೋಶಗಳಲ್ಲಿ ಮೈಕ್ರೋವೇವ್ ಅಲೆಗಳು ಈ ಕಣಗಳನ್ನು ನೂಕುವುವು. ಸಾಮಾನ್ಯವಾಗಿ 60 ಲಕ್ಷ ಎಲೆಕ್ಟ್ರಾನ್‌ವೋಲ್ಟಿನಷ್ಟು ಶಕ್ತಿಯನ್ನು ಪಡೆದ ಕಣಗಳು ಲೋಹಕ್ಕೆ ಬಡಿದಾಗ, ರೋಗವನ್ನು ಸುಡುವ ಕ್ಷಕಿರಣಗಳು ಹುಟ್ಟುವುವು. ನೂಕುವ ಬಲವು ಮಿತಿಮೀರಿದರೆ ತಾಮ್ರದಲ್ಲಿ ಕಿಡಿ ಹಾರುವುದು. ಆದುದರಿಂದಲೇ ಈ ಯಂತ್ರವನ್ನು ಬಹಳವಾಗಿ ಕುಗ್ಗಿಸಲಾಗದು.

ಹಾಗಾದರೆ ಲೇಸರ್ ಬೆಳಕಿನಿಂದ ನೂಕಬಾರದೇಕೆ? ಗಾಜು, ಸಿಲಿಕಾನುಗಳು ಕ್ಷಣಮಾತ್ರದ ಲೇಸರ್ ಮಿಂಚಿನಲ್ಲಿ ತಾಮ್ರದ ಕೋಶಗಳಿಗಿಂತ ಪ್ರಬಲವಾದ ನೂಕನ್ನು ತಾಳಬಲ್ಲವು. ಆದರೆ ಬಯಲಿನಲ್ಲಿ ಬೆಳಕಿನ ಅಲೆಯು ಕಣವನ್ನು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಳ್ಳುವುದರಿಂದ ಲಾಭನಷ್ಟಗಳು ಸರಿದೂಗಿಹೋಗುವುವು. ಅಲೆಯ ಅಳತೆಗೆ ತಕ್ಕ ಸೂಕ್ಷ್ಮರಚನೆಯೊಂದು ನಡುವೆ ಇದ್ದರೆ ಮಾತ್ರ ಮುಂದಿನ ನೂಕು ಉಳಿಯುವುದು. ಇದಕ್ಕೆ ನ್ಯಾನೊರಚನೆಯೆಂದು ಹೆಸರು. ಈ ಶಬ್ದದ ಗ್ರೀಕ್ ಮೂಲಕ್ಕೆ ಕುಳ್ಳನೆಂದರ್ಥ. ನಮ್ಮ ವಾಮನನೇ ಸರಿ.

ಇದು ಸಾಧ್ಯವೆಂಬುದನ್ನು 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿಯೂ ಜರ್ಮನಿಯಲ್ಲಿಯೂ ತೋರಿಸಿದರು. ಯಳಂದೂರಿನ ಬಳೆಮಂಟಪದಲ್ಲಿ ಕಲ್ಲನ್ನು ಬಳೆಗಳ ಸರಪಳಿಯಾಗಿ ಕಡೆದ ಶಿಲ್ಪಿಯ ಕೈಚಳಕಕ್ಕೆ ನಾವು ಬೆರಗಾಗುವೆವಷ್ಟೆ. ಜರ್ಮನಿಯ ಎರ್ಲಾಂಗೆನ್ನಿನ ಪೀಟರ್ ಹೊಮ್ಮೆಲ್‌ಹಾಫ್ ಎಂಬ ವಿಜ್ಞಾನಿಯ ತಂಡದವರು ಸಿಲಿಕಾನಿನಲ್ಲಿ ಕಣ್ಣಿಗೆ ಕಾಣದ ಕಂಬಗಳ ಎರಡು ಸಾಲನ್ನೇ ಕಡೆದರು. ಸಾಲುಗಳ ನಡುವಣ ಓಣಿಯ ಅಗಲವು 225 ನ್ಯಾನೊಮೀಟರ್; ಅಂದರೆ ನಮ್ಮ ಕೊಳ್ಳೇಗಾಲದ ಮಗ್ಗದವರು ಬಲ್ಲ ರೇಷ್ಮೆಗೂಡಿನ ಒಂಟಿ ಎಳೆಯ ಮೂವತ್ತರಲ್ಲೊಂದು ಪಾಲಿಗಿಂತಲೂ ಕಿರಿದು. ಉದ್ದವು ಅರ್ಧ ಮಿಲಿಮೀಟರು. ರಾಗಿಯ ಕಾಳಿಗಿಂತಲೂ ಚಿಕ್ಕದು. ಇಷ್ಟು ದೂರದಲ್ಲಿ 28,400 ಎಲೆಕ್ಟ್ರಾನ್‌ವೋಲ್ಟಿನ ಕಣಗಳು 40,700ಕ್ಕೆ ಏರಿದುವೆಂದು 2023ರಲ್ಲಿ ಪ್ರಕಟಿಸಿದರು. ಕಂಬಗಳ ಸಾಲಿನಲ್ಲಿ ಅಲ್ಲಲ್ಲಿ ಬಿಟ್ಟ ಅಂತರಗಳಿಂದ ಕಣಗಳು ಚದುರದೆ ಓಣಿಯಲ್ಲಿಯೇ ಸಾಗುವಂತೆ ಮಾಡಿದುದೇ ಅವರ ಜಾಣತನ.

ಹೀಗೆ ದೊರೆತ ಲಾಭವು 12,300. ಚಿಕಿತ್ಸೆಗೆ ಬೇಕಾದುದು ಅದರ ಸುಮಾರು ಐನೂರು ಪಾಲು. ಕಣಗಳ ಸಂಖ್ಯೆಯೂ ಇನ್ನೂ ಅತ್ಯಲ್ಪ. ಮುಂದೊಂದು ದಿನ ಇಂಥ ಯಂತ್ರವನ್ನು ಸಣ್ಣ ನಳಿಕೆಯ ತುದಿಯಲ್ಲಿರಿಸಿ ದೇಹದೊಳಗಿನ ರೋಗಸ್ಥಾನಕ್ಕೇ ಒಯ್ಯಬಹುದೆಂಬುದು ವಿಜ್ಞಾನಿಗಳ ಆಶೆ. ಆಶೆಯು ಔಷಧವಲ್ಲ. ಹೊಸ ಯಂತ್ರ ಬರಲೆಂದು ಕಾದು ಕುಳಿತರೆ ರೋಗವು ಕಾಯುವುದಿಲ್ಲ. ಮನೆಯಲ್ಲಿ ಯಾರಿಗಾದರೂ ವಾಸಿಯಾಗದ ಗಂಟೋ ಹುಣ್ಣೋ ಕಂಡರೆ ಇಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಇದನ್ನೆಲ್ಲ ಕೇಳಿದ ಅಕ್ಕನವರು ರಾಗಿಯ ಕಾಳೊಂದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಬಳಿಕ, “ನನಗಲ್ಲದಿದ್ದರೂ ಮೊಮ್ಮಕ್ಕಳ ಕಾಲಕ್ಕಾದರೂ ಬರಲಿ, ನಾಳೆಯ ಬಸ್ಸಿಗೆ ಮಾತ್ರ ತಡಮಾಡಬೇಡ” ಎಂದರು.